ಎಲಿವೇಷನ್ ಯಾವಾಗ ಮಾಡಿಸ್ತೀರಿ?

ಗೃಹಪ್ರವೇಶದ ಊಟ ಮುಗಿಸಿ, ಎಲೆಅಡಿಕೆ ಮೆಲ್ಲುತ್ತಾ ಹೊರಗೆ ಬಂದ ಪಕ್ಕದ ಮನೆ ಯಜಮಾನರು ನಮ್ಮ ಮನೆಯನ್ನು ಒಮ್ಮೆ ಕೆಳಗಿನಿಂದ ಮೇಲಕ್ಕೆ, ಇನ್ನೊಮ್ಮೆ ಮೇಲಿನಿಂದ ಕೆಳಕ್ಕೆ ನೋಡಿದರು. ಆಮೇಲೆ ಬಹಳ ಮರ್ಯಾದೆಯಿಂದ, ‘ಎಲಿವೇಷನ್ ಯಾವಾಗ ಮಾಡಿಸ್ತೀರಿ ಸಾರ್?’ ಎಂದರು.

ಬೆಂಗಳೂರಿನಲ್ಲಿ ಮನೆ ಕಟ್ಟಿಸಿದವರಿಗೆ ಈ ಪ್ರಶ್ನೆಯ ತೂಕ ಗೊತ್ತು. ಗೋಡೆ, ತಾರಸಿ, ಕಿಟಕಿ, ಬಾಗಿಲು ಎಲ್ಲ ಇದ್ದ ಮಾತ್ರಕ್ಕೆ ಇಲ್ಲಿ ಮನೆ ಮುಗಿಯುವುದಿಲ್ಲ. ಮುಂಭಾಗಕ್ಕೆ ಒಂದಷ್ಟು ಕಲ್ಲಿನ ಪಟ್ಟಿ ಅಂಟಿಸಬೇಕು, ಬಾಲ್ಕನಿಗೆ ಗಾಜು ಕೂರಿಸಬೇಕು, ಒಂದು ಮೂಲೆಯಲ್ಲಿ ಯಾವ ಕಾರಣವೂ ಇಲ್ಲದೆ ಚೌಕಟ್ಟೊಂದು ಮುಂದಕ್ಕೆ ಚಾಚಿರಬೇಕು, ಅದರೊಳಗೆ ರಾತ್ರಿ ನೀಲಿ ದೀಪ ಉರಿಯಬೇಕು. ನಮ್ಮದರಲ್ಲಿ ಇದ್ಯಾವುದೂ ಇರಲಿಲ್ಲ. ಗಾರೆ, ಗಾರೆಯ ಮೇಲೆ ಬಿಳಿ ಬಣ್ಣ, ಅಷ್ಟೆ. ಸಜ್ಜಾ ಮಟ್ಟಕ್ಕೆ ಬರುವಷ್ಟರಲ್ಲಿ ಬ್ಯಾಂಕಿನ ಸಾಲ ಖರ್ಚಾಗಿತ್ತು, ಪ್ಯಾರಾಪೆಟ್ ಏಳುವಷ್ಟರಲ್ಲಿ ಹೆಂಡತಿಯ ಬಳೆಗಳೂ ಅದೇ ದಾರಿ ಹಿಡಿದಿದ್ದವು. ದೃಷ್ಟಿಗೊಂಬೆ ಕಟ್ಟೋಣವೇನಪ್ಪಾ ಎಂದು ಮೇಸ್ತ್ರಿಯನ್ನು ಕೇಳಿದರೆ ಆತ ಮನೆಯನ್ನೊಮ್ಮೆ ದಿಟ್ಟಿಸಿ, ‘ಬ್ಯಾಡ ಬುಡಿ ಸಾರ್, ಇದ್ಕೆ ಯಾರ ದೃಷ್ಟಿ ಬೀಳ್ತದೆ’ ಎಂದು ಒಂದು ಬೂದುಗುಂಬಳಕಾಯಿಯ ದುಡ್ಡನ್ನೂ ಉಳಿಸಿಕೊಟ್ಟ.

ನನ್ನ ಮಾನ ಕಾಪಾಡಿದವಳು ಅಣ್ಣನ ಮಗಳು. ಆರ್ಕಿಟೆಕ್ಚರ್ ಓದಿದ ಹುಡುಗಿ. ಗೇಟಿನಲ್ಲೇ ನಿಂತು, ‘ಚಿಕ್ಕಪ್ಪ, ಇದು ಪಕ್ಕಾ ಮಾಡರ್ನಿಸಂ! ಒಂದು ಗೆರೆ ಜಾಸ್ತಿ ಇಲ್ಲ’ ಎಂದು ಫೋಟೊ ತೆಗೆದುಕೊಂಡಳು. ಅವತ್ತಿನಿಂದ ಯಾರು ಏನು ಕೇಳಿದರೂ ‘ಇದು ನಮ್ಮ ಸಿದ್ಧಾಂತ ಕಣ್ರೀ’ ಎನ್ನುತ್ತೇನೆ. ಸಿದ್ಧಾಂತದ ಒಂದು ಅನುಕೂಲವೆಂದರೆ ಅದಕ್ಕೆ ಇಎಂಐ ಇಲ್ಲ.

ಹೀಗೆ ಬೋಳುಗೋಡೆಯವರ ಪಕ್ಷ ಸೇರಿದ ಮೇಲೆ, ಊರಿನಲ್ಲಿ ನಮ್ಮವರು ಇನ್ನು ಯಾರಿದ್ದಾರೆ ಎಂದು ಹುಡುಕುವುದು ಸಹಜ. ಬಹಳ ಹುಡುಕಬೇಕಾಗಲಿಲ್ಲ. ಪಕ್ಷದ ಅಧ್ಯಕ್ಷರೇ ಮಹಾತ್ಮ ಗಾಂಧಿ ರಸ್ತೆಯಲ್ಲಿ 1973ರಿಂದ ನಿಂತಿದ್ದಾರೆ. ಯುಟಿಲಿಟಿ ಬಿಲ್ಡಿಂಗ್! ಇಪ್ಪತ್ತೈದು ಮಹಡಿ, 106 ಮೀಟರ್ ಎತ್ತರ, ಮಹಾನಗರಪಾಲಿಕೆಯ ಸ್ವತ್ತು. ಅದಕ್ಕೆ ಸುಭಾಷ್‌ಚಂದ್ರ ಬೋಸರ ಹೆಸರಿದೆ, ಆದರೆ ಆ ಹೆಸರು ಹೇಳಿ ಆಟೊ ಹತ್ತಿದವರನ್ನು ಎಲ್ಲಿ ಇಳಿಸುತ್ತಾರೋ ಶಿವನೇ ಬಲ್ಲ. ಸುಮಾರು ಮೂರು ದಶಕ ಬೆಂಗಳೂರಿನಲ್ಲಿ ಅದಕ್ಕಿಂತ ಎತ್ತರದ ಕಟ್ಟಡ ಇರಲಿಲ್ಲ. ಕೆಳಗೆ ಅಂಗಡಿಗಳು, ಸಿಂಫನಿ ಟಾಕೀಸು, ಮೇಲೆ ಕಚೇರಿ, ಅದರ ಮೇಲೆ ಕಚೇರಿ. ನೆಟ್ಟಗೆ ಹೋಗಿ ನೆಟ್ಟಗೆ ನಿಂತುಬಿಡುತ್ತದೆ. ಮೇಲೆ ಗೋಪುರವೋ ಗುಮ್ಮಟವೋ ಇದ್ದೀತೆಂದು ಕತ್ತೆತ್ತಿದರೆ ಅಲ್ಲಿ ಆಕಾಶವೇ ಶುರುವಾಗಿರುತ್ತದೆ.

ನಾನು ಅದನ್ನು ಮೊದಲು ಕಂಡದ್ದು ಲಾಲ್‌ಬಾಗಿನ ಬಂಡೆಯ ಮೇಲಿಂದ. ತಿಪಟೂರಿನಿಂದ ಅಪ್ಪ, ಚಿಕ್ಕಪ್ಪ, ಅತ್ತೆ ಎಲ್ಲರ ಜೊತೆ ರೈಲಿನಲ್ಲಿ ಬೆಂಗಳೂರು ನೋಡಲು ಬಂದಿದ್ದೆವು. ಅಪ್ಪ ಶಾಲಾ ಮೇಷ್ಟರು, ಹಾಗಾಗಿ ವಿಹಾರವೂ ಪಾಠವೇ. ಬಂಡೆಯ ನೆತ್ತಿಯ ಪುಟ್ಟ ಗೋಪುರದ ಪಕ್ಕ ನಿಲ್ಲಿಸಿ, ಊರು ಇಲ್ಲಿಯವರೆಗೆ ಬೆಳೆಯಲಿ ಎಂದು ಕೆಂಪೇಗೌಡರ ಕಾಲದಲ್ಲಿ ನಾಲ್ಕು ದಿಕ್ಕಿಗೂ ಇಂಥ ಗೋಪುರ ಇಟ್ಟರಂತೆ ಎಂದು ಹೇಳುತ್ತಿದ್ದರು. ಚಿಕ್ಕಪ್ಪ ಪಾಠ ಕೇಳುವ ಆಸಾಮಿಯಲ್ಲ. ಮರಗಳ ಹಸಿರಿನಾಚೆ ಒಂಟಿಯಾಗಿ ಎದ್ದು ನಿಂತದ್ದರ ಕಡೆ ಬೆರಳು ಮಾಡಿ, ‘ಅಡ್ಡಡ್ಡ ಎಷ್ಟು ಬೆಳೀಬೇಕು ಅಂತ ಗುರುತಿಟ್ರು ಸರಿ, ಉದ್ದಕ್ಕೆ ಎಷ್ಟು ಅಂತ ಹೇಳೋದು ಮರೆತರು ನೋಡಣ್ಣ’ ಎಂದರು. ಒಂದು ಗಳಿಗೆ ಸುಮ್ಮನಿದ್ದು, ‘ಸುಳಿ ಬಿದ್ದ ತೆಂಗಿನಮರ ಇದ್ದಂಗೈತೆ’ ಎಂದು ಷರಾ ಬರೆದರು. ತೆಂಗಿನ ಸೀಮೆಯವರಿಗೆ ಇದಕ್ಕಿಂತ ಕಟುವಾದ ಟೀಕೆ ಗೊತ್ತಿಲ್ಲ. ಗರಿ ಇಲ್ಲ, ಕಾಯಿ ಇಲ್ಲ, ಬರೀ ಕಾಂಡ ಆಕಾಶಕ್ಕೆ.

ಹತ್ತಿರದಿಂದ ನೋಡಲೇಬೇಕೆಂದು ಬಸ್ಸು ಹತ್ತಿದೆವು. ಅಪ್ಪ ಕಟ್ಟಡದ ಬುಡದಲ್ಲಿ ನಿಂತು ಮಹಡಿ ಎಣಿಸತೊಡಗಿದರು. ಆಗ ಅವರು ಕರೀ ಟೋಪಿ ಹಾಕುತ್ತಿದ್ದ ಕಾಲ. ಹನ್ನೆರಡನೆಯ ಮಹಡಿಗೆ ಟೋಪಿ ಹಿಂದಕ್ಕೆ ಬಿತ್ತು, ಅದನ್ನು ಹಿಡಿಯುವ ಗಡಿಬಿಡಿಯಲ್ಲಿ ಲೆಕ್ಕವೂ ಬಿತ್ತು. ಊರಿಗೆ ಹೋದ ಮೇಲೆ ಯಾರಾದರೂ ಕೇಳಿದರೆ, ‘ಹನ್ನೆರಡು ನಾನೇ ಕಣ್ಣಾರೆ ಎಣಿಸಿದೀನಿ, ಮಿಕ್ಕಿದ್ದಕ್ಕೆ ಕಾರ್ಪೊರೇಷನ್‌ನವರ ಮಾತು ನಂಬಬೇಕು’ ಎನ್ನುತ್ತಿದ್ದರು. ಎಣಿಕೆಯ ವಿಷಯ ಬಂದರೆ ಚಿಕ್ಕಪ್ಪನ ಹತ್ತಿರ ಇನ್ನೊಂದು ಕತೆ ಇತ್ತು. ಹಳ್ಳಿಯವನೊಬ್ಬ ಹೀಗೇ ನಿಂತು ಮಹಡಿ ಎಣಿಸುತ್ತಿದ್ದನಂತೆ. ಯಾರೋ ಪಟಿಂಗ ಬಂದು, ‘ಎಣಿಸೋಕೆ ಮಹಡಿಗೆ ಒಂದು ರೂಪಾಯಿ ದಂಡ, ಎಷ್ಟು ಎಣಿಸಿದೆ?’ ಎಂದನಂತೆ. ಇವನು ‘ಹತ್ತು ಸ್ವಾಮಿ’ ಎಂದು ಹತ್ತು ರೂಪಾಯಿ ಕೊಟ್ಟು, ಊರಿಗೆ ಬಂದು, ‘ಬೆಂಗಳೂರಿನೋರ್ನೇ ಯಾಮಾರಿಸ್ದೆ, ಎಣಿಸಿದ್ದು ಇಪ್ಪತ್ತು!’ ಎಂದು ಮೀಸೆ ತಿರುವಿದನಂತೆ. ಬೊಂಬಾಯಿಯಲ್ಲೂ ಕಲ್ಕತ್ತೆಯಲ್ಲೂ ಈ ಕತೆಗೆ ಒಂದೊಂದು ಕಟ್ಟಡ ಇರಬಹುದು. ನಮಗೆ ಇದೇ.

ಅಪ್ಪನನ್ನು ಕಾಡಿದ್ದು ಕಟ್ಟಡದ ಅಂದಚಂದವಲ್ಲ, ನೀರು. ‘ಅಲ್ವೋ, ಮೇಲಿನೋರಿಗೆ ನೀರು ಹ್ಯಾಗೆ ಹತ್ತತ್ತೆ?’ ಎಂದು ದಾರಿಯುದ್ದಕ್ಕೂ ಕೇಳುತ್ತಲೇ ಇದ್ದರು. ನಮ್ಮ ಮನೆಯಲ್ಲಿ ಬಾವಿಯ ರಾಟೆಗೇ ಎರಡು ಜನ ಬೇಕಿತ್ತು. ಯಾರಿಗೂ ಉತ್ತರ ಗೊತ್ತಿರಲಿಲ್ಲ. ಎಷ್ಟೋ ಕಾಲದ ಮೇಲೆ ನನಗೆ ತಿಳಿದದ್ದು ಬೇರೆಯೇ. ಆ ಕಟ್ಟಡ ಮುಗಿದ ಮರುವರ್ಷ, 1974ರಲ್ಲಿ, ಕಾವೇರಿ ನೀರು ಬೆಂಗಳೂರಿಗೆ ಬಂತು. ಮಳವಳ್ಳಿ ಕಡೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸರಿಸುಮಾರು 500 ಮೀಟರ್ ಏರು. ಅಂದರೆ ಒಂದರ ಮೇಲೊಂದು ನಾಲ್ಕೂ ಮುಕ್ಕಾಲು ಯುಟಿಲಿಟಿ ಬಿಲ್ಡಿಂಗ್ ಪೇರಿಸಿದಷ್ಟು ಎತ್ತರಕ್ಕೆ ನೀರು ಹತ್ತಿ ಬಂದು ನಮ್ಮ ನಲ್ಲಿಯಲ್ಲಿ ಇಳಿಯುತ್ತದೆ. ನೆಲಮಹಡಿಯವರೆಂದು ಬೀಗುವ ನಾವೆಲ್ಲ ಕಾವೇರಿಯ ಲೆಕ್ಕದಲ್ಲಿ ನೂರಕ್ಕೂ ಹೆಚ್ಚು ಮಹಡಿ ಮೇಲಿದ್ದೇವೆ. ಅಪ್ಪ ಇದ್ದಿದ್ದರೆ ಈ ಗಣಿತವನ್ನು ಏಳನೇ ಕ್ಲಾಸಿಗೆ ಕೊಟ್ಟಿರುತ್ತಿದ್ದರು.

ಅತ್ತೆಯ ಅಭಿಪ್ರಾಯ ಮಾತ್ರ ಒಂದೇ ಸಾಲಿನದು: ‘ಮೇಲೊಂದು ಕಳಶ ಇಟ್ಟಿದ್ರೆ ಲಕ್ಷಣವಾಗಿರ್ತಿತ್ತು.’

ಆ ಮಾತನ್ನು ನಾನು ಆಗ ನಕ್ಕು ಮರೆತಿದ್ದೆ. ಈಗ ನೋಡಿದರೆ ಊರಿಗೆ ಊರೇ ಅತ್ತೆಯ ಪಾರ್ಟಿ. ಅದಕ್ಕೆ ಅರ್ಧ ಕಾರಣ ವಿಧಾನಸೌಧ ಎಂದು ನನ್ನ ಗುಮಾನಿ. ಕೆಂಗಲ್ ಹನುಮಂತಯ್ಯನವರು 1956ರ ಹೊತ್ತಿಗೆ ಗ್ರಾನೈಟಿನಲ್ಲಿ ಕಂಬ, ಕಮಾನು, ಬೋದಿಗೆ, ಗುಮ್ಮಟ ಎಲ್ಲವನ್ನೂ ಇಟ್ಟು ಒಂದು ಕಟ್ಟಡ ನಿಲ್ಲಿಸಿಬಿಟ್ಟರು. ಆಗ ಅದರ ಖರ್ಚಿನ ಮೇಲೆ ರಂಪವೇನೋ ಆಯಿತು, ಆದರೆ ಊರಿನ ಕಣ್ಣಿಗೆ ಸರ್ಕಾರಿ ಕಟ್ಟಡ ಅಂದರೆ ಹೀಗಿರಬೇಕು ಎಂದು ಒಂದು ಅಳತೆ ಸಿಕ್ಕಿತು. ಅದಾಗಿ ಹದಿನೇಳು ವರ್ಷಕ್ಕೆ, ಅದರ ಎರಡರಷ್ಟಕ್ಕಿಂತ ಎತ್ತರ ಬೆಳೆದು, ಮೈಮೇಲೆ ಒಂದು ಹೂಬಳ್ಳಿಯೂ ಇಲ್ಲದೆ ಬಂದು ನಿಂತರೆ ಜನ ಸುಮ್ಮನಿರುತ್ತಾರೆಯೇ? ಮದರಾಸಿನವರು ಈ ವಿಷಯದಲ್ಲಿ ಪುಣ್ಯವಂತರು. ಅಲ್ಲಿನ ಮೌಂಟ್ ರೋಡಿನ ಎಲ್‌ಐಸಿ ಕಟ್ಟಡ 1959ರದು, ಹದಿನೈದು ಮಹಡಿ, ಅದೂ ಸಾದಾ ಸೀದಾ ಡಬ್ಬಿಯೇ. ಆದರೆ ತಮಿಳು ಸಿನಿಮಾದವರು ಹೀರೊ ಹಳ್ಳಿಯಿಂದ ಪಟ್ಟಣಕ್ಕೆ ಬಂದ ಎಂದು ತೋರಿಸಬೇಕಾದಾಗಲೆಲ್ಲ ಅದನ್ನು ತೋರಿಸಿ ತೋರಿಸಿ ಮನೆಮಗನನ್ನಾಗಿ ಮಾಡಿಕೊಂಡರು. ನಮ್ಮ ಹೀರೊಗಳು ಮೆಜೆಸ್ಟಿಕ್‌ನಲ್ಲಿ ಇಳಿದು ನೇರ ವಿಧಾನಸೌಧದ ಮುಂದೆ ಹಾಡಿಗೆ ನಿಂತರು. ಎಂ.ಜಿ. ರೋಡಿನವರೆಗೆ ಬಂದವರು ಕಮ್ಮಿ.

ಒಮ್ಮೆ ಹಬ್ಬದ ಊಟದ ಹೊತ್ತಿನಲ್ಲಿ ಈ ವಿಷಯಕ್ಕೆ ನಮ್ಮ ಮನೆಯಲ್ಲಿ ದೊಡ್ಡ ವಾಗ್ವಾದ. ಭಾವ ಲೋಕೋಪಯೋಗಿಯಲ್ಲಿ ಎಂಜಿನಿಯರಾಗಿದ್ದವರು. ತೊಲೆ, ಕಂಬ, ಲೋಡು, ಇಷ್ಟರ ಹೊರಗೆ ಏನೇ ಇದ್ದರೂ ಅದು ಕಂಟ್ರಾಕ್ಟರನ ಲಾಭ ಎಂದು ನಂಬಿದವರು. ‘ಬೇಲೂರು ನೋಡಿದ ಕಣ್ಣಲ್ಲಿ ಎಲ್ಲವನ್ನೂ ನೋಡ್ತೀರಲ್ಲ, ಅದೇ ತಪ್ಪು. ಕಲ್ಲು ಕಂಡ ಕಡೆ ಎಲ್ಲ ಕೆತ್ತಬೇಕು ನಿಮಗೆ. ಇಲ್ಲೇ ಶ್ರವಣಬೆಳಗೊಳ ಇದೆ. ಐವತ್ತೆಂಟು ಅಡಿ, ಒಂದೇ ಕಲ್ಲು, ಸಾವಿರ ವರ್ಷದ್ದು, ಕೈಕಾಲಿಗೆ ಒಂದು ಬಳ್ಳಿ ಹಬ್ಬಿದ್ದು ಬಿಟ್ಟರೆ ಮೈಮೇಲೆ ನೂಲೆಳೆ ಇಲ್ಲ. ಅದನ್ನ ನೋಡೋಕೆ ಬೆಟ್ಟ ಹತ್ತಿ ಹೋಗ್ತೀರಿ. ಅಲ್ಲಿ ಯಾರೂ ಕಳಶ ಕೇಳಲ್ಲ’ ಎಂದು ಹೋಳಿಗೆ ಮುರಿದರು.

ಭಾವ ಗೆದ್ದರು ಎಂದೇ ನಾವೆಲ್ಲ ಅಂದುಕೊಂಡೆವು. ಅತ್ತೆ ತುಪ್ಪ ಬಡಿಸುತ್ತಾ, ‘ಗೊಮ್ಮಟಸ್ವಾಮಿಗೆ ಮುಖ ಇದೆಯಪ್ಪಾ. ನೋಡ್ತಾ ನಿಂತರೆ ಸಣ್ಣಗೆ ನಕ್ಕ ಹಾಗೆ ಕಾಣತ್ತೆ. ಈ ಕಟ್ಟಡದ ಮುಖ ಯಾವ ಕಡೆಗಿದೆ, ಅದೊಂದು ತೋರಿಸಿಬಿಡು’ ಎಂದರು. ಭಾವ ಇನ್ನೊಂದು ಹೋಳಿಗೆ ಹಾಕಿಸಿಕೊಂಡರು.

ಅಣ್ಣನ ಮಗಳಿಗೆ ಈ ಪ್ರಸಂಗ ಹೇಳಿದಾಗ ಅವಳು ಸೋಫಾದ ಮೇಲೆ ಕಾಲು ಮಡಿಸಿ ಕೂತು ವಿಯೆನ್ನಾದ ಕತೆ ಹೇಳಿದಳು. ಅಲ್ಲಿ ಅಡಾಲ್ಫ್ ಲೋಸ್ ಎಂಬ ಆರ್ಕಿಟೆಕ್ಟ್ ಇದ್ದನಂತೆ, ‘ಅಲಂಕಾರ ಮತ್ತು ಅಪರಾಧ’ ಎಂದು ಹೆಸರಿಟ್ಟು ಪ್ರಬಂಧ ಬರೆದವನು. 1910ರ ಹೊತ್ತಿಗೆ ಅರಮನೆಯ ಎದುರಿಗೇ ಒಂದು ಕಟ್ಟಡ ಎಬ್ಬಿಸಿದ. ಸುತ್ತಲಿನ ಕಟ್ಟಡಗಳ ಕಿಟಕಿಗಳಿಗೆಲ್ಲ ಮೇಲೆ ಕೆತ್ತನೆಯ ಪಟ್ಟಿ. ಇವನದಕ್ಕೆ ಏನೂ ಇಲ್ಲ, ಬೋಳು ಗೋಡೆಯಲ್ಲಿ ಚೌಕ ತೂತು. ಊರವರು ಅದಕ್ಕೆ ಹುಬ್ಬಿಲ್ಲದ ಮನೆ ಎಂದು ಹೆಸರಿಟ್ಟರು. ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಆ ಕಡೆಯ ಕಿಟಕಿಗಳ ಪರದೆ ಎಳೆಸಿಬಿಟ್ಟನಂತೆ. ನಗರಸಭೆ ಕೆಲಸ ನಿಲ್ಲಿಸಿತು. ಕೊನೆಗೆ ಕಿಟಕಿಗಳ ಕೆಳಗೆ ಹೂವಿನ ತೊಟ್ಟಿ ಇಡುವುದು ಎಂದು ರಾಜಿಯಾಯಿತಂತೆ. ‘ಅಲಂಕಾರ ಅಪರಾಧ ಅಂದ್ನಾ? ಅವನ ಹೆಂಡ್ತಿ ಬಳೆ ಅಡ ಇಟ್ಟು ಕಟ್ಟಿಸಿದ್ನೋ ಏನೋ’ ಎಂದು ಅಡುಗೆಮನೆಯಿಂದ ಒಂದು ಮಾತು ಬಂತು. ನಾನು ತಲೆ ತಗ್ಗಿಸಿದೆ. ಹಾಗೆ ತಗ್ಗಿಸುವಾಗ ಹೊಳೆಯಿತು: ನಮ್ಮ ಮನೆಯ ಕಿಟಕಿಗಳ ಕೆಳಗೂ ದಾಸವಾಳ, ದೊಡ್ಡಪತ್ರೆಯ ಕುಂಡಗಳು ಬಂದು ಕೂತಿವೆ. ವಿಯೆನ್ನಾ ನಗರಸಭೆಯ ತೀರ್ಮಾನವನ್ನು ನಮ್ಮ ಮನೆಯಾಕೆ ಯಾವ ನೋಟಿಸೂ ಕೊಡದೆ ಜಾರಿ ಮಾಡಿದ್ದಳು.

ಪ್ಯಾರಿಸ್‌ನಲ್ಲೂ ಇಂಥದ್ದೊಂದು ಇದೆಯಂತೆ, ಮೊಂಪರ್ನಾಸ್ ಗೋಪುರ. ನಮ್ಮದರ ಓರಗೆಯದು, ಅದೂ 1973ರಲ್ಲೇ ಮುಗಿದದ್ದು. ಐವತ್ತೊಂಬತ್ತು ಮಹಡಿ, 210 ಮೀಟರ್, ಕಂದುಗಪ್ಪು ಬಣ್ಣ, ಮೈಮೇಲೆ ಒಂದು ಅಲಂಕಾರವಿಲ್ಲ. ಪ್ಯಾರಿಸ್‌ನವರಿಗೆ ಅದನ್ನು ಕಂಡರೆ ಎಷ್ಟು ಸಿಟ್ಟೆಂದರೆ, ಅದರ ನೆತ್ತಿಯಿಂದ ಊರು ಬಲು ಚಂದ ಕಾಣುತ್ತದೆ, ಯಾಕೆಂದರೆ ಅಲ್ಲಿಂದ ಆ ಗೋಪುರವೊಂದು ಕಾಣಿಸುವುದಿಲ್ಲ ಎನ್ನುತ್ತಾರಂತೆ. ತಮಾಷೆಯೆಂದರೆ ಇದೇ ಮಾತನ್ನು ಅವರ ಅಜ್ಜಂದಿರು ಐಫೆಲ್ ಗೋಪುರದ ಮೇಲೆ ಆಡಿ ಮುಗಿಸಿದ್ದರು. ಕತೆಗಾರ ಮೊಪಾಸಾ ದಿನವೂ ಅದರೊಳಗೇ ಊಟಕ್ಕೆ ಹೋಗುತ್ತಿದ್ದ, ಅದು ಕಾಣದ ಜಾಗ ಊರಲ್ಲಿ ಅದೊಂದೇ ಎನ್ನುತ್ತಿದ್ದ ಎಂದು ಹೇಳಿಕೆ. 1887ರಲ್ಲಿ ಕಲಾವಿದರು, ಸಾಹಿತಿಗಳು ಸಹಿ ಹಾಕಿ ಬೈದ ಐಫೆಲ್ ಗೋಪುರ ಈಗ ಮುದ್ದಿನ ಮಗು, ಬೈಗುಳವೆಲ್ಲ ಮೊಂಪರ್ನಾಸ್‌ಗೆ ವರ್ಗವಾಗಿದೆ. 1977ರಲ್ಲಂತೂ ಊರೊಳಗೆ 37 ಮೀಟರಿಗಿಂತ ಎತ್ತರ ಕಟ್ಟಕೂಡದೆಂದು ನಿಯಮವನ್ನೇ ಮಾಡಿದರು. ಒಂದು ಕಟ್ಟಡ ಕಂಡು ಊರೇ ಕೈ ಮುಗಿದು ಸಾಕಪ್ಪಾ ಎಂದದ್ದಕ್ಕೆ ಬೇರೆ ಉದಾಹರಣೆ ನನಗೆ ತಿಳಿಯದು.

ಅರ್ಧ ಶತಮಾನ ಬೈದ ಮೇಲೂ ಅದು ಮುದ್ದಾಗಲಿಲ್ಲವಲ್ಲ, ಐಫೆಲ್ ಆಯಿತಲ್ಲ, ಯಾಕೆ? ನಾನು ಯೋಚಿಸಿದ್ದು ಇಷ್ಟು. ಐಫೆಲ್‌ನಲ್ಲಿ ಕಬ್ಬಿಣದ ಜಾಲರಿ ಇದೆ, ಸಿಟ್ಟಿನಿಂದ ನೋಡಿದ ಕಣ್ಣೂ ಎಲ್ಲೋ ಒಂದು ಕಡೆ ಸಿಕ್ಕಿಕೊಳ್ಳುತ್ತದೆ. ಸಾದಾ ಗೋಪುರದಲ್ಲಿ ಕಣ್ಣಿಗೆ ಹಿಡಿಕೆ ಇಲ್ಲ. ಬುಡದಿಂದ ತುದಿಗೆ ಜಾರಿಹೋಗುತ್ತದೆ, ವಾಪಸು ಬರುತ್ತದೆ, ಮತ್ತೆ ಜಾರುತ್ತದೆ. ಆ ಬೇಸರಕ್ಕೆ ಮನಸ್ಸು ತಾನೇ ಅದಕ್ಕೆ ಏನಾದರೂ ಸೇರಿಸಲು ಹೊರಡುತ್ತದೆ. ಅತ್ತೆ ಕಳಶ ಇಟ್ಟರು, ಚಿಕ್ಕಪ್ಪ ಗರಿ ಹುಡುಕಿದರು, ವಿಯೆನ್ನಾದವರು ಹುಬ್ಬು ಬರೆಯ ಹೊರಟರು. ಪ್ಯಾರಿಸ್‌ನವರು 2017ರಲ್ಲಿ ಸ್ಪರ್ಧೆಯನ್ನೇ ನಡೆಸಿ, ಆ ಗೋಪುರಕ್ಕೆ ತಿಳಿಗಾಜಿನ, ಗಿಡಮರಗಳ ಹೊಸ ಮೈ ತೊಡಿಸುವ ನಕ್ಷೆ ಆರಿಸಿದರು. ಸುದ್ದಿ ತಿಳಿದ ದಿನ ನಾನು ಪಕ್ಕದ ಮನೆಯವರನ್ನು ಕಾಂಪೌಂಡಿನ ಹತ್ತಿರ ಕರೆದು ಹೇಳಿದೆ, ‘ನೋಡಿ ಸಾರ್, ಪ್ಯಾರಿಸ್‌ನೋರೂ ನಲವತ್ತು ವರ್ಷ ಬಿಟ್ಟು ಎಲಿವೇಷನ್ ಮಾಡಿಸ್ತಿದಾರೆ. ನಮ್ಮದಕ್ಕೆ ಇನ್ನೂ ಟೈಮಿದೆ.’

ಹಾಗೆಂದು ನಾನು ಯುಟಿಲಿಟಿ ಬಿಲ್ಡಿಂಗ್ ಸುಂದರ ಎಂದು ವಾದಿಸುವವನಲ್ಲ. ಪಕ್ಷನಿಷ್ಠೆಗೂ ಒಂದು ಮಿತಿ ಇರಬೇಕು. ಬಿಸಿಲು ಮಳೆಗೆ ಬಣ್ಣ ಮಾಸಿದಾಗ ಅದು ಚಿಕ್ಕಪ್ಪನ ಮಾತಿಗೆ ಇನ್ನಷ್ಟು ಹತ್ತಿರ ಬರುತ್ತದೆ. ಈ ಶತಮಾನದ ಮೊದಲ ದಶಕದಲ್ಲಿ ವಿಠಲ ಮಲ್ಯ ರಸ್ತೆಯ ಪಕ್ಕ ಯುಬಿ ಟವರ್ 123 ಮೀಟರ್ ಎದ್ದು, ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ಧಾಟಿಯಲ್ಲಿ ತಲೆಗೆ ಮೊನಚು ಇಟ್ಟುಕೊಂಡು ಬಂತು. ಅತ್ತೆಗೆ ಫೋಟೊ ತೋರಿಸಿದೆ. ‘ಇದು ನೋಡು, ಕಳಶ ಇದೆ’ ಎಂದರು. ಅದಾದ ಮೇಲೆ ಬಂದ ಗಾಜಿನ ಕಟ್ಟಡಗಳಿಗಂತೂ ಲೆಕ್ಕವಿಲ್ಲ. ಹೊರವರ್ತುಲ ರಸ್ತೆಯಲ್ಲಿ ಮೈಲಿಗಟ್ಟಲೆ ನಿಂತಿವೆ. ಆದರೆ ಯಾರಾದರೂ ಅವುಗಳಲ್ಲಿ ಒಂದನ್ನು ಬೆರಳಿಟ್ಟು ತೋರಿಸಿ, ಇದು ಕೊಳಕಾಗಿದೆ ಎಂದೋ ಇದಕ್ಕೊಂದು ಕಳಶ ಇಡಬೇಕಿತ್ತೆಂದೋ ಹೇಳಿದ್ದು ನಾನು ಕೇಳಿಲ್ಲ. ಅವನ್ನು ನೋಡಿದರೆ ಆಚೆ ಬದಿಯ ಗಾಜಿನ ಕಟ್ಟಡ ಕಾಣುತ್ತದೆ, ಅಷ್ಟೆ. ಹತ್ತು ಜನ ಹತ್ತು ಮಾತು ಆಡಿದ್ದು ಯುಟಿಲಿಟಿ ಬಿಲ್ಡಿಂಗಿನ ಮೇಲೆಯೇ. ಬೈದವರೂ ತಮ್ಮ ಆಫೀಸಿನ ಗುರುತು ಹೇಳುವಾಗ ಅದನ್ನೇ ಹಿಡಿದರು. ಸಿಟಿ ಬಸ್ಸಿನಲ್ಲಿ ಕಂಡಕ್ಟರು ‘ಯುಟಿಲಿಟಿ, ಯುಟಿಲಿಟಿ, ಯಾರ್ರೀ ಇಳಿಯೋರು’ ಎಂದು ಕೂಗಿದರೆ ನಿದ್ದೆ ಹೋದವರೂ ದಡಬಡಿಸಿ ಎದ್ದು ನಿಲ್ಲುತ್ತಿದ್ದರು.

2011ರಲ್ಲಿ ಮೆಟ್ರೊ ಬಂದ ಮೇಲೆ ಆ ಕೂಗು ಕಮ್ಮಿಯಾಯಿತು. ಅದಕ್ಕಾಗಿ ಎಂ.ಜಿ. ರೋಡಿನ ಕಾಗದದ ಹೂವಿನ ಬಳ್ಳಿಗಳ ಸಾಲೇ ಹೋಯಿತು. ಮೇಲ್ಸೇತುವೆಯ ರೈಲಿನಲ್ಲಿ ಕೂತವರಿಗೆ ಈಗ ಕಟ್ಟಡದ ಸೊಂಟ ಕಾಣುತ್ತದೆ, ಕತ್ತೆತ್ತುವ ಕಷ್ಟವಿಲ್ಲ, ಟೋಪಿ ಬೀಳುವ ಭಯವಿಲ್ಲ. ಸಿಂಫನಿ ಟಾಕೀಸಿಗೆ ಶಂಕರ್‌ನಾಗ್ ಹೆಸರು ಬಂತು. ಬೆಂಗಳೂರಿಗೆ ಮೆಟ್ರೊ ಬೇಕೆಂದು ಬಹಳ ಹಿಂದೆಯೇ ಓಡಾಡಿದ ಮನುಷ್ಯನ ಹೆಸರಿನ ಟಾಕೀಸು ಮೆಟ್ರೊ ಹಳಿಯ ಹತ್ತಿರವೇ ಇರುವುದು ನನಗಂತೂ ಬಹಳ ಸರಿಯೆನ್ನಿಸುತ್ತದೆ.

ಮೊನ್ನೆ ಆ ಕಡೆ ಹೋಗುವ ಕೆಲಸ ಬಿತ್ತು. ಆಟೊ ಹುಡುಗನಿಗೆ ‘ಯುಟಿಲಿಟಿ ಬಿಲ್ಡಿಂಗ್’ ಎಂದೆ.

‘ಅದ್ಯಾವ್ದು ಅಂಕಲ್? ಲೊಕೇಶನ್ ಹಾಕಿ.’

ಮೂರು ದಶಕ ಊರಿನ ನೆತ್ತಿಯಾಗಿದ್ದ ಕಟ್ಟಡಕ್ಕೆ ಲೊಕೇಶನ್ ಹಾಕಬೇಕಾಗಿ ಬಂತಲ್ಲ ಎಂದು ನನಗೆ ಸಂಕಟ. ದಾರಿಯುದ್ದಕ್ಕೂ ಇಪ್ಪತ್ತೈದು ಮಹಡಿ, 106 ಮೀಟರ್, ಕಾವೇರಿ, ಗೊಮ್ಮಟ, ಪ್ಯಾರಿಸ್ ಎಲ್ಲ ಹೇಳಿದೆ. ಅವನು ಕನ್ನಡಿಯಲ್ಲಿ ನನ್ನ ಮುಖ ನೋಡುತ್ತಾ ‘ಹೂಂ, ಹೂಂ’ ಎನ್ನುತ್ತಿದ್ದ. ಕಟ್ಟಡದ ಮುಂದೆ ನಿಲ್ಲಿಸಿ, ತಲೆ ಹೊರಗೆ ಹಾಕಿ ಮೇಲೆ ನೋಡಿದವನು ಜೋರಾಗಿ ನಕ್ಕುಬಿಟ್ಟ.

‘ಅಯ್ಯೋ, ಇದಾ! ಮಧ್ಯಾಹ್ನ ಊಟ ಮಾಡೋಕೆ ದಿನಾ ಇದ್ರ ಪಕ್ಕದಲ್ಲೇ ಗಾಡಿ ಹಾಕ್ತೀನಿ ಅಂಕಲ್, ಒಳ್ಳೆ ನೆರಳು ಬೀಳತ್ತೆ.’

‘ಹೇಗಿದೆ ಕಟ್ಟಡ?’ ಎಂದೆ, ಇಷ್ಟು ದೂರ ಬಂದ ಮೇಲೆ ಅವನ ಅಭಿಪ್ರಾಯವನ್ನೂ ಸೇರಿಸಿಕೊಳ್ಳೋಣವೆಂದು.

ಅವನು ಇನ್ನೊಮ್ಮೆ ತಲೆ ಎತ್ತಿ ಬುಡದಿಂದ ತುದಿಯವರೆಗೆ ನೋಡಿದ. ‘ಮೇಲೆ ಇನ್ನೂ ಏನೋ ಕಟ್ಟೋದು ಬಾಕಿ ಇರೋ ಹಂಗಿದೆ’ ಎಂದು ಮೀಟರಿನ ಮೇಲೆ ಇಪ್ಪತ್ತು ರೂಪಾಯಿ ಕೇಳಿದ.